ಸವೆದ ಮೂಳೆಗೆ ವ್ಯಾಯಾಮ: ಬೆನ್ನು ಬಾಗಿಸದೆ ಬಲ ಪಡೆಯುವ ಕ್ರಮ

ಎಲುಬಿನ ಸಾಂದ್ರತೆಯ ಪರೀಕ್ಷೆಯನ್ನು ಮಾಡಿಸಿಕೊಂಡು, ವರದಿಯಲ್ಲಿ ಆಸ್ಟಿಯೋಪೊರೋಸಿಸ್ ಎಂಬ ಹೆಸರನ್ನು ಕಂಡು ಬಂದ ಹಿರಿಯರನ್ನು, ವಿಶೇಷವಾಗಿ ಋತುಚಕ್ರ ನಿಂತು ಕೆಲವು ವರ್ಷಗಳಾದ ತಾಯಂದಿರನ್ನು, ಮನೆಮಂದಿಯೆಲ್ಲ ಸೇರಿ ಕುರ್ಚಿಯಲ್ಲಿ ಕೂರಿಸಿ, ‘ಇನ್ನು ನೀವು ಯಾವ ಕೆಲಸವನ್ನೂ ಮುಟ್ಟಬೇಡಿ’ ಎಂದು ಕಕ್ಕುಲಾತಿಯಿಂದ ಕಟ್ಟುಪಾಡು ವಿಧಿಸುವುದು ನಮ್ಮಲ್ಲಿ ಸರ್ವಸಾಧಾರಣವಾದ ಸಂಗತಿ. ಆ ಮಾತಿನ ಹಿಂದಿನ ವಾತ್ಸಲ್ಯ ಸಂದೇಹಾತೀತವಾದರೂ ಅದರ ಪರಿಣಾಮ ಮಾತ್ರ ಹಿತಕರವಲ್ಲ. ಏಕೆಂದರೆ ಮೂಳೆಯು ಜಡವಸ್ತುವಲ್ಲ. ಹಳೆಯದನ್ನು ಕರಗಿಸುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಹಗಲಿರುಳು ದುಡಿಯುತ್ತಿರುವ ಸಜೀವ ಧಾತು. ತನ್ನ ಮೇಲೆ ಬೀಳುವ ಭಾರಕ್ಕೆ ಅನುಗುಣವಾಗಿ ಅದು ತನ್ನ ರಚನೆಯನ್ನು ತಿದ್ದಿಕೊಳ್ಳುತ್ತದೆಂಬುದನ್ನು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಷ್ಟು ಹಿಂದೆಯೇ ಪ್ರತಿಪಾದಿಸಿದ್ದನು. ಭಾರವೆಂಬುದೇ ಇಲ್ಲದ ಅಂತರಿಕ್ಷದಲ್ಲಿ ವಾಸಿಸುವ ಗಗನಯಾತ್ರಿಗಳು, ತಕ್ಕ ವ್ಯಾಯಾಮವಿಲ್ಲದಿದ್ದರೆ, ಸೊಂಟದ ಮೂಳೆಯ ಸಾಂದ್ರತೆಯಲ್ಲಿ ತಿಂಗಳಿಗೆ ಶೇಕಡ 1ರಿಂದ 1.5ರಷ್ಟನ್ನು ಕಳೆದುಕೊಳ್ಳುತ್ತಾರೆಂಬುದು ಅದೇ ತತ್ತ್ವದ ಇನ್ನೊಂದು ಮುಖ.

ಆದುದರಿಂದ ವ್ಯಾಯಾಮ ಬೇಕೇ ಬೇಡವೇ ಎಂಬುದು ಇಲ್ಲಿನ ಪ್ರಶ್ನೆಯಲ್ಲ; ಯಾವುದು, ಹೇಗೆ, ಯಾವ ಕ್ರಮದಲ್ಲಿ ಎಂಬುದೇ ಪ್ರಶ್ನೆ. ಗೆದ್ದಲು ಹಿಡಿದ ತೊಲೆಯಂತೆ ಹೊರಗೆ ಗಟ್ಟಿಯಾಗಿ ಕಾಣುತ್ತ ಒಳಗೆ ಟೊಳ್ಳಾಗುತ್ತ ಬಂದಿರುವ ಬೆನ್ನುಮೂಳೆಗೆ ಪರಮ ಶತ್ರುಗಳು ಎರಡು: ಬೆನ್ನನ್ನು ಬಿಲ್ಲಿನಂತೆ ಗುಂಡಗೆ ಮಾಡಿ ಮುಂದಕ್ಕೆ ಬಾಗುವುದು ಒಂದು, ಬೀಳುವುದು ಇನ್ನೊಂದು. ಮೊದಲನೆಯದರ ವಿಷಯದಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯೆ ಮೆಹರ್‌ಶೀದ್ ಸಿನಾಕಿಯವರು 1984ರಲ್ಲಿ ಪ್ರಕಟಿಸಿದ ಅಧ್ಯಯನವು ಇಂದಿಗೂ ಮನನಯೋಗ್ಯವಾದುದು. ಬೆನ್ನುಮೂಳೆ ಸವೆದಿದ್ದ 59 ಮಹಿಳೆಯರಲ್ಲಿ ಬೆನ್ನನ್ನು ಹಿಂದಕ್ಕೆ ಸೆಟೆಸುವ ವ್ಯಾಯಾಮವನ್ನಷ್ಟೇ ಮಾಡಿದವರ ಪೈಕಿ ಶೇಕಡ 16ರಷ್ಟು ಜನರಿಗೆ ಹೊಸದಾಗಿ ಕಶೇರುಗಳು, ಎಂದರೆ ಬೆನ್ನುಮೂಳೆಯ ಮಣಿಗಳು, ಕುಸಿದರೆ, ಮುಂದಕ್ಕೆ ಬಾಗುವ ವ್ಯಾಯಾಮವನ್ನು ಮಾಡಿದವರಲ್ಲಿ ಶೇಕಡ 89ರಷ್ಟು ಜನರಿಗೆ ಆ ಗತಿಯುಂಟಾಯಿತು. ಯಾವ ವ್ಯಾಯಾಮವನ್ನೂ ಮಾಡದಿದ್ದವರಲ್ಲಿ ಆ ಪ್ರಮಾಣ ಶೇಕಡ 67. ಅಧ್ಯಯನವು ಗಾತ್ರದಲ್ಲಿ ಚಿಕ್ಕದೆಂಬುದು ನಿಜ. ಆದರೂ ತಪ್ಪು ವ್ಯಾಯಾಮವು ನಿಶ್ಚೇಷ್ಟತೆಗಿಂತಲೂ ಕೇಡು, ಸರಿಯಾದ ವ್ಯಾಯಾಮವು ಎರಡಕ್ಕಿಂತಲೂ ಮೇಲು ಎಂಬ ಅದರ ಸೂಚನೆಯನ್ನು ಅಲಕ್ಷಿಸುವುದು ವಿವೇಕವಲ್ಲ.

ಆರಂಭಕ್ಕೆ ಮುನ್ನ ವೈದ್ಯರನ್ನು ಕಾಣತಕ್ಕದ್ದು. ಎಲುಬಿನ ಸಾಂದ್ರತೆಯನ್ನಳೆಯುವ ಡೆಕ್ಸಾ ಪರೀಕ್ಷೆಯ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅದನ್ನು ಆಸ್ಟಿಯೋಪೊರೋಸಿಸ್ ಎಂದು ಗಣಿಸುತ್ತಾರೆ. ಆದರೆ ವ್ಯಾಯಾಮವನ್ನು ನಿಶ್ಚಯಿಸಲು ಆ ಅಂಕಿಯೊಂದೇ ಸಾಲದು. ಹಿಂದೆ ಸಣ್ಣ ಪೆಟ್ಟಿಗೇ ಮಣಿಕಟ್ಟು ಮುರಿದಿತ್ತೇ, ಯೌವನದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರಿನಷ್ಟು ಕುಗ್ಗಿದ್ದೀರಾ, ಬೆನ್ನು ಗೂನಾಗುತ್ತ ಬಂದಿದೆಯೇ ಎಂಬುದನ್ನು ತಿಳಿಸಬೇಕು. ಕಶೇರುಗಳು ಎಷ್ಟೋ ವೇಳೆ ಸದ್ದಿಲ್ಲದೆ, ನೋವೂ ಇಲ್ಲದೆ ಕುಸಿದಿರುತ್ತವಾದ್ದರಿಂದ ಇಂಥ ಲಕ್ಷಣವಿದ್ದವರಿಗೆ ಬೆನ್ನಿನ ಎಕ್ಸ್-ರೇ ಅವಶ್ಯವಾಗಬಹುದು. ನಿದ್ರೆಯ ಗುಳಿಗೆ, ರಕ್ತದೊತ್ತಡದ ಗುಳಿಗೆ ಇವು ತಲೆಸುತ್ತನ್ನುಂಟುಮಾಡಿ ಬೀಳಿಸಬಲ್ಲವು. ಅವುಗಳ ಪಟ್ಟಿಯನ್ನೂ ಕೈಯಲ್ಲಿ ಹಿಡಿದು ಹೋಗುವುದು ಒಳ್ಳಿತು. ಸಾಧ್ಯವಿದ್ದಲ್ಲಿ ಫಿಸಿಯೋಥೆರಪಿಸ್ಟರ ಸಮ್ಮುಖದಲ್ಲಿ ಎರಡು ಮೂರು ಸಲವಾದರೂ ಅಭ್ಯಾಸ ಮಾಡಿಕೊಂಡರೆ ಮುಂದಿನದೆಲ್ಲ ಸುಗಮ.

ಮೊದಲ ಹೆಜ್ಜೆ, ಬಾಗುವುದನ್ನು ಹೊಸದಾಗಿ ಕಲಿಯುವುದು. ನಾವು ಸಾಮಾನ್ಯವಾಗಿ ನಡುವಿನಿಂದ ಬಾಗುತ್ತೇವೆ. ಬಾಗಬೇಕಾದುದು ತೊಡೆಯ ಸಂದಿನಿಂದ. ಇದನ್ನು ಅರಿಯಲು ಒಂದು ಉದ್ದನೆಯ ಕೋಲು ಸಾಕು. ಗೋಡೆಗೆ ಬೆನ್ನು ಮಾಡಿ, ಗೇಣುದ್ದ ದೂರದಲ್ಲಿ, ಪಾದಗಳ ನಡುವೆ ಸ್ವಲ್ಪ ಅಂತರವಿರಿಸಿ ನಿಂತು, ಕೋಲನ್ನು ಬೆನ್ನುಮೂಳೆಯ ಉದ್ದಕ್ಕೂ ಹಿಡಿಯಿರಿ. ಅದು ತಲೆಯ ಹಿಂಭಾಗ, ಹೆಗಲುಗಳ ನಡುವಿನ ಎಡೆ, ಬಾಲಮೂಳೆ, ಈ ಮೂರು ಸ್ಥಾನಗಳಿಗೂ ತಗುಲಿರಬೇಕು. ಈಗ ಮೊಣಕಾಲನ್ನು ತುಸು ಸಡಿಲಿಸಿ, ಪೃಷ್ಠವನ್ನು ಹಿಂದಕ್ಕೆ ತಳ್ಳುತ್ತ ಗೋಡೆಯನ್ನು ಮುಟ್ಟಿಸಿರಿ. ಮೂರೂ ಸ್ಥಾನಗಳಲ್ಲಿ ಕೋಲು ಅಂಟಿಕೊಂಡೇ ಇದ್ದರೆ ನೀವು ಸರಿಯಾಗಿ ಬಾಗಿದ್ದೀರಿ. ಯಾವುದೊಂದು ಕಡೆ ಕಳಚಿಕೊಂಡರೂ ಬೆನ್ನು ಗುಂಡಗಾಯಿತೆಂದೇ ಅರ್ಥ. ಈಗಾಗಲೇ ಗೂನು ಬಂದವರಿಗೆ ತಲೆ ತಗುಲದೆ ಇರಬಹುದು. ಅಂಥವರು ಬಲವಂತದಿಂದ ತಲೆಯನ್ನು ಹಿಂದಕ್ಕೆಳೆಯದೆ, ಇರುವ ಅಂತರವು ಹೆಚ್ಚಾಗದಂತೆ ನೋಡಿಕೊಂಡರಾಯಿತು. ಈ ಒಂದು ಚಲನೆಯು ಮೈಗೂಡುವವರೆಗೆ ಮುಂದಿನ ಹೆಜ್ಜೆಗೆ ಅವಸರಪಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಕೊಡ ಎತ್ತುವುದು, ಕೆಳಗೆ ಬಿದ್ದ ಸೌಟನ್ನು ತೆಗೆಯುವುದು, ಮೊಮ್ಮಗುವನ್ನು ಎತ್ತಿಕೊಳ್ಳುವುದು, ಹೀಗೆ ದಿನದ ನೂರು ಕೆಲಸಗಳು ಇದರ ಮೇಲೆಯೇ ನಿಂತಿವೆ.

ಎರಡನೆಯದು ಕುರ್ಚಿಯಿಂದ ಏಳುವ ಅಭ್ಯಾಸ. ಗಾಲಿಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿ, ಅದರ ಮುಂಭಾಗದಲ್ಲಿ ಕುಳಿತು, ಪಾದಗಳನ್ನು ಮೊಣಕಾಲಿಗಿಂತ ಸ್ವಲ್ಪ ಹಿಂದಕ್ಕೆ ಊರಿ, ಈಗಷ್ಟೇ ಕಲಿತಂತೆ ತೊಡೆಯ ಸಂದಿನಿಂದ ಮುಂದೆ ವಾಲಿ, ಉಸಿರನ್ನು ಬಿಡುತ್ತ ಎದ್ದುನಿಲ್ಲಬೇಕು. ಕೂರುವಾಗ ದೊಪ್ಪೆಂದು ಬೀಳದೆ ಮೂರೆಣಿಸುತ್ತ ಇಳಿಯಬೇಕು. ಕಶೇರುಗಳು ಕುಸಿಯುವುದಕ್ಕೆ ಹಾಗೆ ದೊಪ್ಪನೆ ಕೂರುವುದೂ ಒಂದು ಕಾರಣವಾಗಬಲ್ಲದು. ಎಂಟು ಹತ್ತು ಸಲ ಮಾಡಿ, ನಿಮಿಷಕಾಲ ವಿಶ್ರಮಿಸಿ, ಮತ್ತೊಂದು ಸುತ್ತು ಮಾಡಿರಿ. ಏಳಲಾರದವರು ಕುರ್ಚಿಯ ಮೇಲೆ ಗಟ್ಟಿ ದಿಂಬನ್ನಿಟ್ಟು ಎತ್ತರಿಸಿಕೊಳ್ಳಲಿ, ಕೈಯೂರಿಯೇ ಏಳಲಿ. ಸಲೀಸಾದವರು ಎರಡೂ ಕೈಯಲ್ಲಿ ನೀರು ತುಂಬಿದ ಬಾಟಲಿಗಳನ್ನು ಹಿಡಿದು ಏಳಲಿ. ಇದರ ಜೊತೆಗೆ ಗೋಡೆಗೆ ಅಂಗೈಯೂರಿ ತಳ್ಳುವುದು, ಅಡುಗೆಕಟ್ಟೆಯನ್ನು ಹಿಡಿದು ಹಿಮ್ಮಡಿಗಳನ್ನೆತ್ತಿ ಇಳಿಸುವುದು ಇವನ್ನು ಸೇರಿಸಿಕೊಳ್ಳಬಹುದು. ಇವನ್ನು ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನದ ವಿರಾಮವಿತ್ತು ಮಾಡುವುದು ಉಚಿತ. ಎಂಟರಿಂದ ಹನ್ನೆರಡು ಸಲ ಎತ್ತುವಷ್ಟರಲ್ಲಿ ಕಡೆಯ ಎರಡು ಕಷ್ಟವೆನಿಸುವಷ್ಟು ಭಾರವಿದ್ದರೇನೇ ಮೂಳೆಗೆ ಕರೆ ತಲಪುತ್ತದೆ; ಇಪ್ಪತ್ತು ಸಲ ಆಯಾಸವಿಲ್ಲದೆ ಎತ್ತಬಹುದಾದ ಭಾರದಿಂದ ಅದಕ್ಕೆ ಹೆಚ್ಚಿನ ಪ್ರಯೋಜನವಿಲ್ಲ. ಎತ್ತುವಾಗ ಉಸಿರು ಕಟ್ಟಕೂಡದು.

ಮೂರನೆಯದಾಗಿ ಬೆನ್ನಿನ ಸ್ನಾಯುಗಳು. ಮೊಣಕಾಲನ್ನು ಮಡಚಿ ಅಂಗಾತ ಮಲಗಿ, ತಲೆಯನ್ನೂ ಹೆಗಲುಗಳನ್ನೂ ಹಾಸಿಗೆಗೆ ಮೃದುವಾಗಿ ಒತ್ತಿ, ಐದೆಣಿಸಿ ಬಿಡುವುದು ಆರಂಭಕ್ಕೆ ಸಾಕು. ಕೆಲವು ವಾರಗಳಾದ ಮೇಲೆ, ಹೊಟ್ಟೆಯ ಕೆಳಗೆ ದಿಂಬನ್ನಿಟ್ಟು ಬೋರಲಾಗಿ ಮಲಗಿ, ಹೆಗಲ ಹಲಗೆಗಳನ್ನು ಹಿಂದಕ್ಕೆ ಸೇರಿಸುತ್ತ ಎದೆಯನ್ನು ಬೆರಳೆರಡರಷ್ಟು ಎತ್ತಬಹುದು. ಅದಕ್ಕಿಂತ ಮೇಲೆತ್ತುವ ಉತ್ಸಾಹ ಬೇಡ. ಏಳುವಾಗ ನೇರವಾಗಿ ಮುಂದಕ್ಕೆ ಏಳದೆ, ಮೊದಲು ಮಗ್ಗುಲಿಗೆ ಹೊರಳಿ, ಕಾಲನ್ನು ಮಂಚದಿಂದಿಳಿಸಿ, ಕೈಯೂರಿ ಏಳತಕ್ಕದ್ದು. ಈ ನಿಯಮವು ಪ್ರತಿದಿನ ಪ್ರಾತಃಕಾಲಕ್ಕೂ ಅನ್ವಯಿಸುತ್ತದೆ.

ನಾಲ್ಕನೆಯದಾದ ಸಮತೋಲನದ ಅಭ್ಯಾಸಕ್ಕೆ ರಜೆಯಿಲ್ಲ, ದಿನವೂ ಬೇಕು. ಎರಡು ಗೋಡೆಗಳು ಕೂಡುವ ಮೂಲೆಗೆ ಬೆನ್ನು ಮಾಡಿ, ಎದುರಿಗೊಂದು ಕುರ್ಚಿಯನ್ನಿರಿಸಿಕೊಂಡರೆ ಯಾವ ಕಡೆಗೂ ಬೀಳುವ ಭಯವಿಲ್ಲ. ಒಂದು ಪಾದದ ಹಿಮ್ಮಡಿಯು ಇನ್ನೊಂದರ ಬೆರಳಿಗೆ ತಾಗುವಂತೆ ನಿಂತು ಹತ್ತೆಣಿಸಿ, ಕ್ರಮೇಣ ಮೂವತ್ತಕ್ಕೆ ಏರಿಸಿ, ಬಳಿಕ ಒಂಟಿ ಕಾಲಿನಲ್ಲಿ ನಿಲ್ಲುವುದನ್ನು ಪ್ರಯತ್ನಿಸಬೇಕು. ಒಬ್ಬರೇ ಇರುವಾಗ ಕಣ್ಣುಮುಚ್ಚಿ ಮಾಡಕೂಡದು. ಸೊಂಟ ಮುರಿಯುವ ಪ್ರಸಂಗಗಳಲ್ಲಿ ಬಹುಪಾಲು ಬೀಳುವುದರಿಂದಲೇ ಸಂಭವಿಸುವುದರಿಂದ, ಮೂಳೆಯ ಸಾಂದ್ರತೆಯನ್ನು ಎಳ್ಳಷ್ಟೂ ಹೆಚ್ಚಿಸದ ಈ ಅಭ್ಯಾಸವು ಮೂಳೆಯನ್ನು ಉಳಿಸುವಲ್ಲಿ ಯಾವುದಕ್ಕೂ ಕಡಮೆಯದಲ್ಲ.

ನಡಿಗೆಯ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಹೃದಯಕ್ಕೂ ಮನಸ್ಸಿಗೂ ಅದು ಹಿತವೇ ಸರಿ. ಆದರೆ ಉದ್ಯಾನದಲ್ಲಿ ಹರಟುತ್ತ ನಡೆಯುವ ಒಂದು ಗಂಟೆಯಿಂದ ಮೂಳೆ ಬಲಿಯುತ್ತದೆಂದು ನಂಬಿ ಉಳಿದುದನ್ನು ಕೈಬಿಡುವುದು ತಪ್ಪು. ನಡುನಡುವೆ ವೇಗವನ್ನು ಹೆಚ್ಚಿಸುವುದು, ಹಿಡಿಗಂಬಿಯುಳ್ಳ ಮೆಟ್ಟಿಲನ್ನು ಹತ್ತುವುದು ಮೇಲು. ಈಜು ಮತ್ತು ಸೈಕಲ್ ಸವಾರಿಯಲ್ಲಿ ದೇಹದ ಭಾರವು ಮೂಳೆಯ ಮೇಲೆ ಬೀಳದ ಕಾರಣ ಈ ದೃಷ್ಟಿಯಿಂದ ಅವುಗಳ ಉಪಯೋಗ ಅಲ್ಪ. ಆಸ್ಟ್ರೇಲಿಯದ ಗ್ರಿಫಿತ್ ವಿಶ್ವವಿದ್ಯಾನಿಲಯದ ಸಂಶೋಧಕರು ಮೂಳೆಯ ಸಾಂದ್ರತೆ ಕುಗ್ಗಿದ್ದ ಮಹಿಳೆಯರಿಂದ ವಾರಕ್ಕೆರಡು ಸಲ, ಅರ್ಧ ಗಂಟೆಯಂತೆ, ಎಂಟು ತಿಂಗಳ ಕಾಲ ಭಾರವಾದ ತೂಕಗಳನ್ನೆತ್ತಿಸಿದಾಗ ಅವರ ಸೊಂಟದ ಭಾಗದ ಬೆನ್ನುಮೂಳೆಯ ಸಾಂದ್ರತೆ ಸುಮಾರು ಶೇಕಡ 3ರಷ್ಟು ಹೆಚ್ಚಿತು. ಮನೆಯಲ್ಲಿ ಹಗುರ ವ್ಯಾಯಾಮವನ್ನಷ್ಟೇ ಮಾಡಿದವರಲ್ಲಿ ಶೇಕಡ 1ರಷ್ಟು ಇಳಿಯಿತು. ಆಶಾದಾಯಕವಾದ ಫಲಿತಾಂಶವೇ, ಆದರೆ ಅಲ್ಲಿ ಪ್ರತಿಯೊಂದು ಎತ್ತುವಿಕೆಯೂ ತಜ್ಞರ ಕಣ್ಣೆದುರಿಗೆ ನಡೆದಿತ್ತೆಂಬುದನ್ನು ಮರೆತು, ಮೊಬೈಲಿನ ವಿಡಿಯೋ ನೋಡಿ ಅದನ್ನು ಮನೆಯಲ್ಲಿ ಅನುಕರಿಸುವುದು ಅಪಾಯಕರ.

ಯೋಗಾಭ್ಯಾಸವಿರುವವರು ಆಸನಗಳನ್ನು ವಿವೇಚಿಸಿ ಆಯ್ದುಕೊಳ್ಳಬೇಕು. ಪಶ್ಚಿಮೋತ್ತಾನಾಸನ, ಪಾದಹಸ್ತಾಸನ, ಹಲಾಸನ, ಇವುಗಳಲ್ಲಿ ಬೆನ್ನು ಮುಂದಕ್ಕೆ ಮಡಚಿಕೊಳ್ಳುವುದರಿಂದ ಇವು ವರ್ಜ್ಯ. ಕತ್ತು ಹೆಗಲುಗಳ ಮೇಲೆ ದೇಹದ ಭಾರವನ್ನು ಹೊರಿಸುವ ಶೀರ್ಷಾಸನ ಸರ್ವಾಂಗಾಸನಗಳೂ, ಬಲವಾಗಿ ತಿರುಚುವ ಅರ್ಧಮತ್ಸ್ಯೇಂದ್ರಾಸನವೂ ವರ್ಜ್ಯ. ತಾಡಾಸನ, ಗೋಡೆಯ ಪಕ್ಕದಲ್ಲಿ ವೃಕ್ಷಾಸನ, ಕುರ್ಚಿಯನ್ನು ಹಿಡಿದು ವೀರಭದ್ರಾಸನ, ಒಂದೊಂದೇ ಕಾಲನ್ನೆತ್ತುವ ಶಲಭಾಸನ ಇವು ಉಪಾದೇಯ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರರು ಕುರ್ಚಿ, ಹಗ್ಗ, ಮರದ ಇಟ್ಟಿಗೆಗಳ ಆಸರೆಯಿಂದ ಆಸನಗಳನ್ನು ಕಲಿಸುವ ಪದ್ಧತಿಯನ್ನು ಬೆಳೆಸಿದವರು; ಆಸರೆ ಪಡೆಯುವುದು ಅಭ್ಯಾಸಕ್ಕೆ ಕುಂದೆಂದು ಯಾರೂ ಸಂಕೋಚಪಡಬೇಕಾಗಿಲ್ಲ. ತರಗತಿಗೆ ಸೇರುವ ಮೊದಲ ದಿನವೇ ಗುರುಗಳಿಗೆ ನಿಮ್ಮ ಮೂಳೆಯ ಸ್ಥಿತಿಯನ್ನು ತಿಳಿಸಿರಿ.

ಬೆಳಗ್ಗೆ ಅರ್ಧ ಗಂಟೆ ಇಷ್ಟೆಲ್ಲ ಶಿಸ್ತಿನಿಂದ ಮಾಡಿ, ಅನಂತರ ಅಂಗಳಕ್ಕಿಳಿದು, ಮೊಣಕಾಲನ್ನು ನೆಟ್ಟಗಿರಿಸಿ ನಡುವನ್ನು ಬಗ್ಗಿಸಿ ಹತ್ತು ನಿಮಿಷ ರಂಗೋಲಿ ಬಿಡಿಸಿದರೆ ಪಟ್ಟ ಶ್ರಮಕ್ಕೆ ಅರ್ಥವಿಲ್ಲ. ರಂಗೋಲಿಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಗಿಡ್ಡ ಸ್ಟೂಲಿನ ಮೇಲೆ ಬೆನ್ನು ನೇರವಾಗಿ ಕುಳಿತು, ಕೈಗೆ ಎಟುಕುವಷ್ಟು ಚಿಕ್ಕದನ್ನೇ ಹಾಕಬಹುದು. ಮೋಟು ಪೊರಕೆಗೆ ಬದಲಾಗಿ ಉದ್ದ ಹಿಡಿಯ ಪೊರಕೆ, ಒಂದೇ ಕೈಯಲ್ಲಿ ತುಂಬಿದ ಬಕೆಟ್ಟಿಗೆ ಬದಲಾಗಿ ಎರಡೂ ಕೈಗಳಲ್ಲಿ ಅರ್ಧರ್ಧ ತುಂಬಿದ ಚಿಕ್ಕ ಬಕೆಟ್ಟುಗಳು, ಕೆಳಗಿನ ಗೂಡಿನಲ್ಲಿರುವ ಭಾರದ ಪಾತ್ರೆಗಳು ಸೊಂಟದ ಎತ್ತರಕ್ಕೆ: ಇವು ಒಂದು ಭಾನುವಾರದಲ್ಲಿ ಮುಗಿಯುವ ಮಾರ್ಪಾಡುಗಳು. ಅಕ್ಕಿಮೂಟೆ, ಗ್ಯಾಸ್ ಸಿಲಿಂಡರುಗಳನ್ನು ಬೇರೆಯವರಿಗೆ ಬಿಡಿ. ಬಚ್ಚಲಿಗೆ ಜಾರದ ರಬ್ಬರ್ ಹಾಸು, ಗೋಡೆಗೆ ಹಿಡಿಕೆ, ರಾತ್ರಿ ಶೌಚಕ್ಕೆ ಹೋಗುವ ದಾರಿಯಲ್ಲಿ ದೀಪ, ನೆಲಕ್ಕೆ ತಾಗದ ಸೀರೆಯಂಚು. ಹಳೆಯ ಮನೆಯಾದರೆ ಎತ್ತರದ ಹೊಸ್ತಿಲಿಗೆ ಎದ್ದು ಕಾಣುವ ಬಣ್ಣ. ಕೆಮ್ಮು ಸೀನು ಬಂದಾಗ ಮುಂದಕ್ಕೆ ಮುದುಡಿಕೊಳ್ಳದೆ ಒಂದು ಕೈಯನ್ನು ತೊಡೆಗೆ ಊರಿ ಬೆನ್ನನ್ನು ನೇರವಾಗಿರಿಸಿಕೊಳ್ಳಿ.

ವ್ಯಾಯಾಮದ ಮರುದಿನ ಸ್ನಾಯುಗಳಲ್ಲಿ ಮಂದವಾದ ನೋವಿದ್ದು ಒಂದೆರಡು ದಿನಗಳಲ್ಲಿ ಶಮನವಾದರೆ ಚಿಂತೆಯಿಲ್ಲ. ಆದರೆ ಬೆನ್ನಿನ ನಡುಭಾಗದಲ್ಲಿ ಒಮ್ಮೆಲೆ ಚಳುಕು ಹಿಡಿದು, ನಿಂತರೆ ಹೆಚ್ಚಾಗಿ ಮಲಗಿದರೆ ತಗ್ಗುವ ನೋವು ಕಾಣಿಸಿಕೊಂಡರೆ ಅದು ಕಶೇರು ಕುಸಿದುದರ ಚಿಹ್ನೆಯಾಗಿರಬಹುದು. ಎದೆನೋವು, ತಲೆಸುತ್ತು, ಕಾಲಿನಲ್ಲಿ ಜೋಮು ಅಥವಾ ಬಲಹೀನತೆ ಕಂಡರೂ ಅಷ್ಟೆ. ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಫಲವು ಕೂಡಲೇ ಕಾಣುವುದಿಲ್ಲ. ಹಳೆಯ ಮೂಳೆ ಕರಗಿ ಹೊಸದು ಕಟ್ಟಿಕೊಳ್ಳುವ ಒಂದು ಆವೃತ್ತಿಗೇ ಹಲವು ತಿಂಗಳುಗಳು ಹಿಡಿಯುತ್ತವೆ. ಕಾಲಿನ ಬಲವೂ ನಿಲುವಿನ ಸ್ಥೈರ್ಯವೂ ಅದಕ್ಕಿಂತ ಬೇಗನೆ ಅನುಭವಕ್ಕೆ ಬರುತ್ತವೆ. ಕಟ್ಟುವುದಕ್ಕೆ ಸಾಮಗ್ರಿಯೂ ಬೇಕಷ್ಟೆ: ಋತುಬಂಧದ ಬಳಿಕ ದಿನಕ್ಕೆ ಸುಮಾರು 1200 ಮಿಲಿಗ್ರಾಂ ಸುಣ್ಣದಂಶ ಅಗತ್ಯ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂನಷ್ಟಿದೆ. ಹಾಲು, ಮೊಸರು, ಎಳ್ಳು ಉಳಿದುದನ್ನು ತುಂಬಬಲ್ಲವು. ವಿಟಮಿನ್ ಡಿ ಕೊರತೆಯನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು.

ಕಡೆಯದಾಗಿ ಹೇಳತಕ್ಕ ಮಾತು ಔಷಧದ ವಿಷಯ. ವ್ಯಾಯಾಮದಿಂದ ಮೈ ಹಗುರವಾಯಿತೆಂದು ಅನೇಕರು ಚಿಕಿತ್ಸೆಯನ್ನು ತಾವಾಗಿಯೇ ನಿಲ್ಲಿಸಿಬಿಡುತ್ತಾರೆ. ವ್ಯಾಯಾಮವು ಔಷಧಕ್ಕೆ ಜೊತೆಯೇ ಹೊರತು ಬದಲಿಯಲ್ಲ. ವಿಶೇಷವಾಗಿ ಆರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಡೆನೋಸುಮ್ಯಾಬ್ ಚುಚ್ಚುಮದ್ದನ್ನು ತಡಮಾಡಿದರೆ ಅಥವಾ ಬದಲಿ ಔಷಧವಿಲ್ಲದೆ ನಿಲ್ಲಿಸಿದರೆ, ಗಳಿಸಿದ ಸಾಂದ್ರತೆಯು ಶೀಘ್ರವಾಗಿ ಇಳಿದು ಒಂದಕ್ಕಿಂತ ಹೆಚ್ಚು ಕಶೇರುಗಳು ಕುಸಿಯುವ ಅಪಾಯವುಂಟು. ಮುಂದಿನ ಚುಚ್ಚುಮದ್ದಿನ ತಾರೀಖನ್ನು ಇಂದೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.