ಗಂಟು ತೆಗೆಸಿದ ಮೇಲೂ ಮಾತ್ರೆ ಏಕೆ?

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಊರಿಗೆ ಮರಳಿದವರ ಮನೆಯವರು ನನ್ನನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಗಂಟು ತೆಗೆಸಿ ಆಯ್ತಲ್ಲ ಡಾಕ್ಟ್ರೇ, ಇನ್ನೂ ಐದು ವರ್ಷ ಮಾತ್ರೆ ಏತಕ್ಕೆ?" ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಕೆಲವರು ಆರು ತಿಂಗಳಿಗೇ ಮಾತ್ರೆ ನಿಲ್ಲಿಸಿರುತ್ತಾರೆ. ಇದೇ ಕಾಯಿಲೆಯ ಇನ್ನೊಬ್ಬರಿಗೆ ಆ ಮಾತ್ರೆಯನ್ನು ಬರೆದೇ ಇಲ್ಲವೆಂದು ತಿಳಿದಾಗ ಅನುಮಾನ ಇನ್ನೂ ಬಲವಾಗುತ್ತದೆ.

ಉತ್ತರ ಜೀವಕೋಶದೊಳಗಿದೆ. ಈಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನು ರಕ್ತದ ಮೂಲಕ ಸ್ತನದ ಜೀವಕೋಶವನ್ನು ಸೇರಿ, ಅಲ್ಲಿ ತನಗಾಗಿಯೇ ಇರುವ ಒಂದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಇದಕ್ಕೆ ಗ್ರಾಹಕ ಎಂದು ಹೆಸರು. ಹಾರ್ಮೋನು ಕೂಡಿದ ಗ್ರಾಹಕವು ಡಿಎನ್‌ಎ ಮೇಲೆ ಕುಳಿತು, ಬೆಳೆಯುವಂತೆ, ಇಬ್ಭಾಗವಾಗುವಂತೆ ಜೀವಕೋಶಕ್ಕೆ ಆಜ್ಞೆ ಕೊಡುತ್ತದೆ. ಕೆರೆಗೆ ಹೋಲಿಸಿದರೆ ಹಾರ್ಮೋನು ನೀರು, ಗ್ರಾಹಕ ತೂಬು. ತೂಬಿಗೊಬ್ಬ ನೀರುಗಂಟಿ ಬೇಕಲ್ಲವೇ? ಆ ಕೆಲಸ ಮಾಡುವವು ಗಡ್ಡೆ ಬೆಳೆಯದಂತೆ ತಡೆಯುವ ಕೆಲವು ಪ್ರೋಟೀನುಗಳು.

ಇವುಗಳಲ್ಲಿ ಮುಖ್ಯವಾದದ್ದು ಬಿಆರ್‌ಸಿಎ-1. ಇದರ ಜೀನ್ ಪತ್ತೆಯಾದದ್ದು 1994ರಲ್ಲಿ. ಮುರಿದ ಡಿಎನ್‌ಎಯನ್ನು ರಿಪೇರಿ ಮಾಡುವುದಲ್ಲದೆ, ಇದು ಈಸ್ಟ್ರೊಜೆನ್ ಗ್ರಾಹಕದ ಅಬ್ಬರವನ್ನೂ ತಗ್ಗಿಸುತ್ತದೆಂದು 1999ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಲಾಯಿತು.

ಹಾಗಾದರೆ ಹುಟ್ಟಿನಿಂದಲೇ ಈ ಜೀನ್ ಕೆಟ್ಟಿರುವವರ ಗಡ್ಡೆಯಲ್ಲಿ ಗ್ರಾಹಕಗಳು ತುಂಬಿ ತುಳುಕಬೇಕಿತ್ತು. ಆದರೆ ಅಂಥವರ ಗಡ್ಡೆಗಳಲ್ಲಿ ಹೆಚ್ಚಿನವುಗಳಲ್ಲಿ ಗ್ರಾಹಕವೇ ಇರುವುದಿಲ್ಲ! ಗ್ರಾಹಕದ ತಯಾರಿಗೂ ಬಿಆರ್‌ಸಿಎ-1 ನೆರವಾಗುತ್ತದೆಂಬುದು ಇದಕ್ಕೆ ಸಿಕ್ಕಿರುವ ಒಂದು ವಿವರಣೆ. ನೀರುಗಂಟಿಯೇ ತೂಬು ಕಟ್ಟುವವನೂ ಆಗಿದ್ದ ಎನ್ನಿ. ಆದ್ದರಿಂದ ರೋಗಿಯ ವಯಸ್ಸು, ಮೈಕಟ್ಟು, ಗಂಟಿನ ಗಾತ್ರ ನೋಡಿ ಗ್ರಾಹಕ ಇದೆಯೋ ಇಲ್ಲವೋ ಎಂದು ಊಹಿಸಲು ಬರುವುದಿಲ್ಲ, ಪರೀಕ್ಷೆಯೇ ಆಗಬೇಕು.

ಟ್ಯಾಮಾಕ್ಸಿಫೆನ್ ಮಾತ್ರೆ ಮಾಡುವುದಿಷ್ಟೆ: ಗ್ರಾಹಕದಲ್ಲಿ ಈಸ್ಟ್ರೊಜೆನ್ ಕೂರುವ ಜಾಗವನ್ನು ತಾನು ಹಿಡಿಯುತ್ತದೆ. ಗ್ರಾಹಕವಿರುವ ಗಡ್ಡೆಯವರು ಐದು ವರ್ಷ ಇದನ್ನು ನುಂಗಿದರೆ, ಮುಂದಿನ ಹದಿನೈದು ವರ್ಷಗಳಲ್ಲಿ ಈ ಕ್ಯಾನ್ಸರಿನಿಂದ ಸಾಯುವ ಸಂಭವ ಸುಮಾರು ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ. ಗ್ರಾಹಕವಿಲ್ಲದವರಿಗೆ ಇದರಿಂದ ಉಪಯೋಗವಿಲ್ಲ. ಅವರಿಗೆ ಬೇರೆ ಔಷಧಿಗಳಿವೆ.

ಈ ಪರೀಕ್ಷೆಗೆ ಇ.ಆರ್. ಎನ್ನುತ್ತಾರೆ. ತೆಗೆದ ಗಂಟಿನ ತುಣುಕಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ನಮ್ಮ ಕಡೆಯವರು ಎಚ್ಚರ ವಹಿಸಬೇಕಾದ್ದು ಇಲ್ಲೇ. ತುಣುಕನ್ನು ಮೈಸೂರಿಗೋ ಬೆಂಗಳೂರಿಗೋ ಕಳಿಸುವುದಾದರೆ, ತೆಗೆದ ಒಂದು ಗಂಟೆಯೊಳಗೆ ಅದು ಫಾರ್ಮಾಲಿನ್ ದ್ರಾವಣದಲ್ಲಿ ಮುಳುಗಿರಬೇಕು. ಸಲೈನಿನಲ್ಲಿ ಹಾಕಿ ಮರುದಿನದ ಬಸ್ಸಿನಲ್ಲಿ ಕೊಂಡೊಯ್ದರೆ, ಇರುವ ಗ್ರಾಹಕವೂ ಇಲ್ಲವೆಂದು ಬರಬಹುದು. ಬೇಕಾದ ಮಾತ್ರೆಯೇ ತಪ್ಪಿಹೋಗುತ್ತದೆ. ಗಂಟು ತೆಗೆಸುವ ಮೊದಲೇ "ಇ.ಆರ್. ಪರೀಕ್ಷೆಗೆ ಕಳಿಸುತ್ತೀರಾ?" ಎಂದು ಸರ್ಜನ್ನರನ್ನು ಕೇಳಿ. ಸಂಕೋಚ ಬೇಡ. ಲ್ಯಾಬಿನವರು ತುಣುಕನ್ನು ಮೇಣದ ಅಚ್ಚಿನಲ್ಲಿ ಕಾದಿಡುತ್ತಾರೆ. ಹಿಂದೆ ಪರೀಕ್ಷೆ ಆಗಿರದಿದ್ದರೆ ಆ 'ಬ್ಲಾಕ್' ಕೇಳಿ ಪಡೆದು ಈಗಲೂ ಮಾಡಿಸಬಹುದು.

ತಾಯಿ, ಚಿಕ್ಕಮ್ಮ, ಸೋದರತ್ತೆ ಹೀಗೆ ಒಂದೇ ಮನೆತನದಲ್ಲಿ ಹಲವರಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಕೆಟ್ಟ ಜೀನ್ ತಂದೆಯ ಕಡೆಯಿಂದಲೂ ಬರುತ್ತದೆ.

ಟ್ಯಾಮಾಕ್ಸಿಫೆನ್‌ನಿಂದ ಮೈಯೆಲ್ಲ ಬಿಸಿಯೇರಿ ಬೆವರುವುದು ಸಾಮಾನ್ಯ. ಮುಟ್ಟು ನಿಂತವರಿಗೆ ಮತ್ತೆ ರಕ್ತಸ್ರಾವ ಕಂಡರೆ, ಇಲ್ಲವೆ ಒಂದು ಕಾಲು ಮಾತ್ರ ಊದಿಕೊಂಡರೆ ಅಂದೇ ವೈದ್ಯರಿಗೆ ತೋರಿಸಿ. ಮಾತ್ರೆ ನಿಲ್ಲಿಸಬೇಕೋ ಬದಲಿಸಬೇಕೋ ಎಂಬುದನ್ನು ಅವರೇ ಹೇಳಲಿ.