ಇಂದಿನ ಧಮ್ಮ ಚಿಂತನೆ: ಗುತ್ತಿಯ ಆತುರ



ಕಳೆದ ಭಾನುವಾರ ಮಧುಗಿರಿಯ ಓದಿನಲ್ಲಿ ‘ವರ್ತಮಾನದಲ್ಲಿ ಬದುಕುವುದು’ ಎಂಬ ಮಾತು ಬಂತು. ಆಗ ಕೊರಟಗೆರೆ ಕಡೆಯ ಅಕ್ಕನೊಬ್ಬರು ಕೇಳಿದರು: “ಮೇಷ್ಟ್ರೇ, ಹಿಂದಿನದ್ದು ಬಿಡಿ ಅಂತೀರಲ್ಲ, ನಮ್ಮಪ್ಪ ಹೋಟ್ಲು ಹೊರಗೆ ನಿಂತು ಚಿಪ್ಪಲ್ಲಿ ಕಾಫಿ ಕುಡಿದಿದ್ದನ್ನೂ ಬಿಡಬೇಕಾ?” ನನಗೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಟೀ ಬಂತು, ಮಾತು ಬೇರೆ ಕಡೆ ಹೋಯಿತು.

ಈಗ ನಾನು ಮತ್ತೆ ಓದುತ್ತಿರುವುದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967). ಎಂ.ಎ. ಓದುವಾಗ ಇದನ್ನು ‘ದರ್ಶನ ಕಾದಂಬರಿ’ ಎಂದು ಬರೆದು ಅಂಕ ತೆಗೆದುಕೊಂಡಿದ್ದೆ. ದೊಡ್ಡವರು ಚಿಕ್ಕವರು ಎಂಬ ಭೇದ ಇಲ್ಲಿಲ್ಲ, ತರಾತುರಿಗೂ ಕಾರಣವಿಲ್ಲ ಎಂಬ ಭಾವದ ಮಾತನ್ನು ಕುವೆಂಪು ಮೊದಲಲ್ಲೇ ಓದುಗರಿಗೆ ಹೇಳುತ್ತಾರೆ. ಅದನ್ನು ಬಾಯಿಪಾಠ ಮಾಡಿದ್ದೆವು. ಈಗ ನನ್ನ ಕಣ್ಣು ಹೋಗಿ ನಿಲ್ಲುವುದು ಗುತ್ತಿಯ ಮೇಲೆ.

ಗುತ್ತಿ ನಮ್ಮ ಕೇರಿಯವನೇ. ಸಿಂಬಾವಿ ಭರಮೈ ಹೆಗ್ಗಡೆಯವರ ಜೀತದಾಳು. ಹುಲಿಯ ಎಂಬ ನಾಯಿ ಸದಾ ಜೊತೆಗಿರುವುದರಿಂದ ‘ನಾಯಿಗುತ್ತಿ’. ಅವನು ಒಲಿದ ತಿಮ್ಮಿ ಬೆಟ್ಟಳ್ಳಿಯವಳು. ಅವಳನ್ನು ಯಾರಿಗೆ ಕೊಡಬೇಕೆಂದು ಹೇಳುವವರು ಒಡೆಯರು, ಅವರು ಬೇರೆಯವನನ್ನು ಗೊತ್ತುಮಾಡಿದ್ದಾರೆ. ಮಲೆಗೆ, ಮಳೆಗೆ, ಕವಿಗೆ ಆತುರವಿಲ್ಲದಿರಬಹುದು. ಗುತ್ತಿಗೆ ಇದೆ. ಅಪ್ಪಣೆಗೆ ಕಾದರೆ ತಿಮ್ಮಿ ಸಿಗುವುದಿಲ್ಲ. ಅವಳನ್ನು ಕರೆದುಕೊಂಡು ಹೊರಟೇಬಿಡುತ್ತಾನೆ. ಅದಕ್ಕೆ ಬೆಲೆಯನ್ನೂ ಕೊಡುತ್ತಾನೆ: ತುಂಬಿದ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುತ್ತದೆ. ಎಷ್ಟು ಸಲ ಓದಿದರೂ ಅಲ್ಲಿ ಪುಸ್ತಕ ಮುಚ್ಚಿಡುತ್ತೇನೆ.

ಮಜ್ಝಿಮ ನಿಕಾಯದ 131ನೆಯದಾದ ಭದ್ದೇಕರತ್ತ ಸುತ್ತವನ್ನು ನಾವು ಅರ್ಧ ಮಾತ್ರ ಸ್ಟೇಟಸ್ ಹಾಕುತ್ತೇವೆ, ಕಳೆದುದರ ಬೆನ್ನು ಹತ್ತಬೇಡ ಎಂಬಷ್ಟನ್ನೇ. ಮಾಡಬೇಕಾದ ಪ್ರಯತ್ನವನ್ನು ಇಂದೇ ಮಾಡು, ನಾಳೆ ಸಾವು ಬಂದೀತು ಎಂಬ ಅರ್ಥದ ಮಾತೂ ಅಲ್ಲೇ ಇದೆ. ಬೆನ್ನು ಹತ್ತುವುದು ಅಂದರೇನು ಎಂದೂ ಭಗವಾನರು ಬಿಡಿಸಿ ಹೇಳುತ್ತಾರೆ: ಹಿಂದೆ ನಾನು ಹೀಗಿದ್ದೆ, ಹಾಗಿದ್ದೆ ಎಂದು ಅದರಲ್ಲೇ ರಮಿಸುವುದು. ನೆನಪು ಅಳಿಸಿಹಾಕು ಎಂದು ಅಲ್ಲಿಲ್ಲ. ನಾವು ‘ಎಚ್ಚರ’ ಎನ್ನುವ ಪಾಳಿಯ ‘ಸತಿ’ ಪದವೇ ಸಂಸ್ಕೃತದ ‘ಸ್ಮೃತಿ’, ಅಂದರೆ ನೆನಪು. (1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟದ್ದು ಬೇರೆ ಸ್ಮೃತಿ!) ಹಾಗಾಗಿ ಅಕ್ಕಾ, ಆ ಚಿಪ್ಪನ್ನು ಮರೆಯಬೇಕಿಲ್ಲ. ಅದನ್ನು ನೆನೆದು ಇವತ್ತು ಏನು ಮಾಡುತ್ತೇವೆ ಅನ್ನುವುದನ್ನು ನೋಡಬೇಕು.

ಬಾಬಾಸಾಹೇಬರು ಹಿಂದೂವಾಗಿ ಸಾಯಲಾರೆ ಎಂದು ಯೇವಲಾದಲ್ಲಿ ಸಾರಿದ್ದು 1935ರ ಅಕ್ಟೋಬರ್ 13ರಂದು. ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ. ಓದಿದರು, ತೂಗಿ ನೋಡಿದರು, ಅವಸರ ಮಾಡಲಿಲ್ಲ. ಆದರೆ ಆರೋಗ್ಯ ಕೆಟ್ಟಿದೆ, ಮುಂದಿನ ವರ್ಷ ನೋಡೋಣ ಎಂದಿದ್ದರೆ? ಡಿಸೆಂಬರ್ 6ಕ್ಕೆ ಪರಿನಿಬ್ಬಾಣ. ದೀಕ್ಷೆಯ ನಂತರ ಅವರಿಗೆ ಉಳಿದಿದ್ದದ್ದು 53 ದಿನ.

ನಮ್ಮ ಮನೆಗಳಲ್ಲಿ ಮಾತ್ರ ‘ಮಗಳ ಮದುವೆ ಮುಗೀಲಿ’, ‘ಅವ್ವ ಇರೋ ತನಕ ಪಟ ಇರಲಿ’, ‘ಈ ಸಲ ಜಾತ್ರೆ ಆಗಲಿ’. ಬೇರೆಯವರಿಗೆ ಹೇಳುತ್ತಿಲ್ಲ. ಅಣ್ಣನ ಮಗನ ಮದುವೆಗೆ ಮುಹೂರ್ತ ಕೇಳಲು ಹೊರಟವರ ಜೊತೆ ನಾನೂ ಹೋಗಿದ್ದೆ. 22 ಪ್ರತಿಜ್ಞೆ ಹೇಳಿದ ಬಾಯಿ ಅಲ್ಲಿ ಸುಮ್ಮನಿತ್ತು. ಬರುವಾಗ ಬಸ್ಸಿನಲ್ಲಿ ಹುಡುಗನೇ ಕೇಳಿದ, “ಚಿಕ್ಕಪ್ಪ, ನೀವು ಬೇಡ ಅಂತೀರಿ ಅಂದ್ಕೊಂಡಿದ್ದೆ.”

ಈ ಭಾನುವಾರ ಇಲ್ಲಿಂದಲೇ ಶುರು ಮಾಡೋಣ. ಶಿರಾ, ಪಾವಗಡದಿಂದ ಬರುವವರು ಮಕ್ಕಳನ್ನೂ ಕರೆತನ್ನಿ. ಅಕ್ಕಾ, ನಿಮ್ಮ ತಂದೆಯವರ ಕಥೆಯನ್ನು ಪೂರ್ತಿ ಹೇಳಬೇಕು, ಟೀ ಆಮೇಲೆ.

ಜೈ ಭೀಮ್.