ಮೀಟರಿನ ಬುಡ: ತಂಬ್ರಹಳ್ಳಿ ಮನೆ ಗೋಡೆಯಿಂದ ಹೊಲದ ಟಿಸಿವರೆಗೆ

ಮೀಟರ್ ಬೇಸ್ ಅಂತ ನೆಟ್‌ನಲ್ಲಿ ಹುಡುಕಿದರೆ ನಮಗೆ ಸಿಗೋದು ಬಹುಪಾಲು ಅಮೆರಿಕದ ವಿಡಿಯೋಗಳು. ಗೋಡೆಗೆ ಒಂದು ತಗಡಿನ ಪೆಟ್ಟಿಗೆ, ಒಳಗೆ ಇಕ್ಕಳದಂಥ ಹಿಡಿಗಳು, ಅದಕ್ಕೆ ದುಂಡು ಮೀಟರನ್ನು ಒತ್ತಿ ಸಿಗಿಸ್ತಾರೆ. ಮನೆಗೆ ಸಾಮಾನ್ಯವಾಗಿ ನಾಲ್ಕು ಹಿಡಿ, ನಾಲ್ಕು ವೈರಿನ ತ್ರೀ ಫೇಸಿಗೆ ಏಳು. ಎಳೆದರೆ ಮೀಟರ್ ಕೈಗೆ ಬರುತ್ತೆ. ಇದನ್ನೇ ತಲೆಯಲ್ಲಿ ಇಟ್ಕೊಂಡು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಲ್ಲಿ ಹುಡುಕಿದರೆ ಸಿಗಲ್ಲ. ನಮ್ಮ ಕಡೆ ಮೀಟರನ್ನು ಸಿಗಿಸಲ್ಲ, ಸ್ಕ್ರೂ ಹಾಕಿ ಬಿಗಿಯುತ್ತೇವೆ.

ಹಾಗಾಗಿ ಇಲ್ಲಿ ಬೇಸ್ ಅಂದರೆ ಎರಡು ವಸ್ತು. ಒಂದು, ಮೀಟರನ್ನು ಹೊತ್ತಿರುವ ಬೋರ್ಡು. ಹಳೇ ಮನೆಗಳಲ್ಲಿ ಮರದ್ದು, ಈಗ ಪ್ಲಾಸ್ಟಿಕ್ ಅಥವಾ ತಗಡಿನ ಪೆಟ್ಟಿಗೆ. ಚಕ್ರ ತಿರುಗುವ ಹಳೇ ಮೀಟರಿಗೆ ಈ ಬೋರ್ಡು ನೆಟ್ಟಗೆ ಇರಲೇಬೇಕಿತ್ತು, ವಾಲಿದರೆ ಲೆಕ್ಕ ತಪ್ಪುತ್ತಿತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2006ರ ಮೀಟರ್ ನಿಯಮಗಳು ಬಂದ ಮೇಲೆ ಹೊಸದೆಲ್ಲ ಎಲೆಕ್ಟ್ರಾನಿಕ್. ಅದರಲ್ಲಿ ತಿರುಗುವ ಚಕ್ರವೇ ಇಲ್ಲ.

ಎರಡನೆಯದು ಮೀಟರಿನ ಕೆಳಭಾಗದಲ್ಲಿರುವ ಟರ್ಮಿನಲ್ ಬ್ಲಾಕ್. ನಿಜವಾದ ವಿಷಯ ಇರೋದೇ ಇಲ್ಲಿ. ಸಿಂಗಲ್ ಫೇಸಿಗೆ ನಾಲ್ಕು ತೂತು, ತ್ರೀ ಫೇಸಿಗೆ ಎಂಟು. ಯಾವ ತೂತಿಗೆ ಫೇಸ್, ಯಾವುದಕ್ಕೆ ನ್ಯೂಟ್ರಲ್ ಅನ್ನೋದು ಎಲ್ಲ ಮೀಟರಲ್ಲೂ ಒಂದೇ ಕ್ರಮ ಅಲ್ಲ. ಮೀಟರಿನ ಮೇಲೆ ಅಚ್ಚಾಗಿರುವ ಚಿತ್ರವನ್ನೇ ನಂಬಬೇಕು, ಬಾಯಿಪಾಠ ಮಾಡಿದ್ದನ್ನಲ್ಲ.

ಸ್ಕ್ರೂ ಸಡಿಲ ಆದರೆ ಏನಾಗುತ್ತೆ? 10 ಎಚ್‌ಪಿ ಮೋಟರಿನ ಹಿಟ್ಟಿನ ಗಿರಣಿ ತಗೊಳ್ಳಿ. ಒಂದು ಫೇಸಲ್ಲಿ ಸುಮಾರು 14 ಆಂಪ್ ಹರಿಯುತ್ತೆ. ಸಡಿಲ ಜಾಗದ ರೆಸಿಸ್ಟೆನ್ಸ್ ಬರೀ 0.1 ಓಮ್ ಇದ್ದರೂ ಐ ಸ್ಕ್ವೇರ್ ಆರ್ ಲೆಕ್ಕದಲ್ಲಿ ಹತ್ತಿರ ಹತ್ತಿರ 20 ವ್ಯಾಟ್. ನಮ್ಮ ಲ್ಯಾಬಿನ 25 ವ್ಯಾಟ್ ಸೋಲ್ಡರಿಂಗ್ ಐರನ್ನನ್ನು ಮೀಟರ್ ಒಳಗೆ ಬಿಟ್ಟ ಹಾಗೆ! ಅಲ್ಯೂಮಿನಿಯಂ ವೈರಾದರೆ ಇನ್ನೂ ಕಷ್ಟ, ಸ್ಕ್ರೂ ಒತ್ತಡಕ್ಕೆ ನಿಧಾನವಾಗಿ ಚಪ್ಪಟೆಯಾಗಿ ಮತ್ತೆ ಸಡಿಲವಾಗುತ್ತೆ. ತ್ರೀ ಫೇಸಲ್ಲಿ ನ್ಯೂಟ್ರಲ್ಲೇ ಬಿಟ್ಟುಕೊಂಡರೆ ಬಲ್ಬು, ಟಿವಿಗೆ 230 ವೋಲ್ಟ್ ಬದಲು 400ರ ಹತ್ತಿರ ಬರಬಹುದು. ಸುಟ್ಟ ವಾಸನೆ ಬಂದರೆ, ಕವರ್ ಕಂದು ಬಣ್ಣಕ್ಕೆ ತಿರುಗಿದ್ದರೆ ಜೆಸ್ಕಾಂ ಲೈನ್‌ಮನ್‌ಗೆ ಹೇಳಬೇಕು. ಎಂಜಿನಿಯರಿಂಗ್ ಓದ್ತಿದ್ದೀವಿ ಅಂತ ಸೀಲ್ ಒಡೆಯೋಕೆ ಹೋಗಬಾರದು. ಮನೆಯ ಮೇನ್ ಸ್ವಿಚ್ ಆರಿಸಿದರೂ ಮೀಟರಿಗೆ ಬರುವ ಕಡೆ ಕರೆಂಟ್ ಇದ್ದೇ ಇರುತ್ತೆ.

ಮನೆ ಬಿಟ್ಟು ಹೊಲಕ್ಕೆ ಹೋದರೆ ಕತೆ ಬೇರೆ. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ನಮ್ಮ ರಾಜ್ಯದಲ್ಲಿ ಕರೆಂಟ್ ಉಚಿತ, ಹೆಚ್ಚಿನವಕ್ಕೆ ಮೀಟರೇ ಇಲ್ಲ. ಅಲ್ಲಿ ಲೆಕ್ಕ ಸಿಗೋದು ಟಿಸಿ ಕಂಬದ ಪೆಟ್ಟಿಗೆಯಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರಿಗೆ ಮೀಟರ್ ಹಾಕಿರುವ ಕಡೆ. 63 ಕೆವಿಎ ಟ್ರಾನ್ಸ್‌ಫಾರ್ಮರಿನ ಪೂರ್ತಿ ಲೋಡ್ ಸುಮಾರು 84 ಆಂಪ್. ಇಷ್ಟನ್ನು ನೇರವಾಗಿ ಮೀಟರಿಗೆ ಬಿಡುವ ಬದಲು ಕರೆಂಟ್ ಟ್ರಾನ್ಸ್‌ಫಾರ್ಮರ್, ಅಂದರೆ ಸಿಟಿ ಹಾಕ್ತಾರೆ. 100/5ರ ಸಿಟಿ ಆದರೆ ಮೀಟರಿಗೆ ಬರೋದು 4.2 ಆಂಪ್ ಅಷ್ಟೇ. ಸಾಮಾನ್ಯ 5 ಆಂಪಿನ ಮೀಟರಾದರೆ ರೀಡಿಂಗನ್ನು 20ರಿಂದ ಗುಣಿಸಬೇಕು.

ಇಂಥ ಕಡೆ ಮೀಟರಿನ ಬುಡದಲ್ಲಿ ಇನ್ನೊಂದು ಟೆಸ್ಟ್ ಟರ್ಮಿನಲ್ ಬ್ಲಾಕ್ ಇರುತ್ತೆ. ಮೀಟರ್ ಬಿಚ್ಚುವ ಮೊದಲು ಅದರ ಲಿಂಕ್‌ಗಳಿಂದ ಸಿಟಿಯ ಸೆಕೆಂಡರಿಯನ್ನು ಶಾರ್ಟ್ ಮಾಡ್ತಾರೆ. ಲೋಡ್ ಹರೀತಿರುವಾಗ ಸೆಕೆಂಡರಿ ಓಪನ್ ಆದರೆ ಅಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಏಳುತ್ತೆ. ನಾವು ಪರೀಕ್ಷೆಗೆ ಎರಡು ಮಾರ್ಕಿನ ಉತ್ತರ ಅಂತ ಬರೆಯೋ ಸಾಲು ಇದೇ.

ಆದರೆ ಈ ಮೀಟರಿಗೂ ಒಂದು ಮಿತಿ ಇದೆ. ಒಂದು ಟಿಸಿ ಕೆಳಗೆ ಹತ್ತು ಪಂಪ್‌ಸೆಟ್ ಇದ್ದರೆ ಯಾವ ಹೊಲಕ್ಕೆ ಎಷ್ಟು ಯೂನಿಟ್ ಹೋಯ್ತು ಅಂತ ಅದು ಹೇಳಲ್ಲ. ನಡುವಿನ ಲೈನಲ್ಲಿ ಸೋರಿದ್ದೂ ಸೇರಿ ಒಟ್ಟು ಮೊತ್ತ ಮಾತ್ರ ತೋರಿಸುತ್ತೆ.